ರದ್ದಿಗೆ ಹೋಗದ ಹದಿನೆಂಟು ಸಂಪುಟ

ಕೇಶವಮೂರ್ತಿಯವರ ದೃಷ್ಟಿಯಲ್ಲಿ ವಿಜ್ಞಾನವೆಂದರೆ ಜಾಗ ಉಳಿಸುವ ಕಲೆ. ಮುಂಬಯಿಯ ಅಂಧೇರಿಯ ಬಣ್ಣರಸಾಯನ ಸಂಶೋಧನಾ ಸಂಸ್ಥೆಗೆ ನಿರ್ದೇಶಕರಾದ ವರ್ಷವೇ, ಅಲ್ಲಿನ ತ್ರೈಮಾಸಿಕದ ಎಪ್ಪತ್ತೆರಡು ಸಂಚಿಕೆಗಳನ್ನೂ ಟೈಪು ಮಾಡಿಸಿ ಎಪ್ಪತ್ತೆರಡು ಫ್ಲಾಪಿಗಳಿಗೆ ಇಳಿಸಿದ್ದರು. ಇನ್ನು ಬೈಂಡು ಮಾಡಿದ ಹದಿನೆಂಟು ಸಂಪುಟಗಳೇಕೆ? ದಸರಾ ಕಳೆದ ಮೇಲಿನ ಸೋಮವಾರ ಬರುವಂತೆ ರದ್ದಿಯವನಿಗೆ ಹೇಳಿದರು.

ಪೂರ್ತಿ ಸೆಟ್ಟು ಬೇರೆಲ್ಲೂ ಇಲ್ಲವೆಂಬುದು ಲೈಬ್ರರಿಯನ್ ಶಾಮಲಾಗೆ ಗೊತ್ತಿತ್ತು; ಕೊಡುವುದು ಬೇಡವೆಂದಳು.

"ನಿಮಗೆ ಹೊಸದು ಅಂದ್ರೆ ಭಯ ಕಣಮ್ಮ," ಎಂದರು ಕೇಶವಮೂರ್ತಿ.

"ಭಯ ಅಲ್ಲ ಸರ್, ಅಭ್ಯಾಸ. ಒಂದೊಂದು ಫ್ಲಾಪೀನೂ ಸಂಪುಟದ ಜೊತೆ ಓದಿ ನೋಡ್ತೀನಿ. ಸರಿಯಿದ್ರೆ ನಾನೇ ಎತ್ತಿ ಕೊಡ್ತೀನಿ."

ಸೋಮವಾರ ರದ್ದಿಯವನು ಗೋಣಿಚೀಲ ಹಿಡಿದು ಬಾಗಿಲಲ್ಲಿ ನಿಂತಿರುವಾಗಲೇ ಆಕೆ ಮೊದಲ ಫ್ಲಾಪಿ ಹಾಕಿದಳು. ಕಂಪ್ಯೂಟರ್ ಗೊರಗೊರ ಎಂದು ಸುಮ್ಮನಾಯಿತು. ಎರಡನೆಯದೂ ಅಷ್ಟೇ. ಹೊರತೆಗೆದು ತಿರುಗಿಸಿದಳು: ಒಳಗಿನ ತಟ್ಟೆ ಕಾಣುವ ಸೀಳಿನ ತುಂಬ ಅರಿಶಿನ, ನಡುವೆ ಠೀವಿಯಾಗಿ ಕುಂಕುಮ.

"ದಸರಾ ಪೂಜೀದರೀ ಅಕ್ಕಾರ," ಎಂದ ವಿಜಾಪುರದ ಕಡೆಯ ಪ್ಯೂನ್ ಗುರಲಿಂಗಪ್ಪ. "ಸಾಹೇಬ್ರು ಖುದ್ದ ಹಚ್ಚ್ಯಾರ. ಕವರ್ ಮ್ಯಾಲ ಹಚ್ಚಿದ್ರ ದೇವರಿಗೆ ಮುಟ್ಟಂಗಿಲ್ಲಂತ ಹೊರಗ ತಗದು!"

ಕೇಶವಮೂರ್ತಿ ಕೆಮ್ಮಿದರು. "ಮೈಸೂರಲ್ಲಿ ನಮ್ಮಪ್ಪ ಆಯುಧಪೂಜೆಗೆ ಟೈಪ್‌ರೈಟರಿಗೂ ಹಚ್ತಿದ್ರು. ಏನಾಯ್ತು ಅದಕ್ಕೆ?"

"ಅದನ್ನ ಒರೆಸಬಹುದು ಸರ್. ಇದನ್ನಲ್ಲ."

ಡ್ರೈವನ್ನು ಒರೆಸಿ ಒರೆಸಿ ಎಲ್ಲವನ್ನೂ ಹಾಕಿ ನೋಡಿದರು. ಎಪ್ಪತ್ತೆರಡರಲ್ಲಿ ತೆರೆದುಕೊಂಡದ್ದು ಒಂಬತ್ತು. ದೇವರಿಗೆ ಮಾತ್ರ ಎಲ್ಲವೂ ಮುಟ್ಟಿದ್ದವು.

"ಲೇಕೆ ಜಾವೂಂ ಕ್ಯಾ?" ಒಯ್ಯಲೇ ಎಂದು ರದ್ದಿಯವನು ಕೇಳಿದ.

"ನಹೀ ಭಯ್ಯಾ. ಯೇ ಕಭೀ ನಹೀ ಜಾಯೇಗಾ," ಇವು ಎಂದಿಗೂ ಹೋಗುವುದಿಲ್ಲ ಎಂದಳು ಶಾಮಲಾ, ನಿರ್ದೇಶಕರ ಮುಖ ನೋಡದೆಯೇ. ಅವನು ಗೋಣಿಚೀಲ ಮಡಚಿಕೊಂಡು ಹೋದ.

ಕೇಶವಮೂರ್ತಿ ಕುರ್ಚಿಯಲ್ಲಿ ಕೂತರು. "ಈಗೇನಮ್ಮಾ ಮಾಡೋದು?"

"ಮತ್ತೆ ಟೈಪ್ ಮಾಡೋದು. ಎರಡು ಸೆಟ್ಟು. ಒಂದು ನಮ್ಮಲ್ಲಿ, ಒಂದು ಬಾಂದ್ರಾದ ಕಾಲೇಜಲ್ಲಿ; ಅಲ್ಲಿನ ಲೈಬ್ರರಿಯನ್ ವಿನೋದಿನಿ ಒಪ್ಪಿದಾಳೆ. ವರ್ಷಕ್ಕೊಂದ್ಸಲ ಎಲ್ಲಾ ತೆರೆದು ಓದಿ, ಹೊಸ ಫ್ಲಾಪಿಗೆ ಇಳಿಸೋದು. ಸಂಪುಟ ಕಪಾಟಲ್ಲೇ. ಮೂರೂ ಒಂದೇ ದಿನ ಕೆಡಲ್ಲ ಸರ್."

"ಬರೆದು ತನ್ನಿ, ಸಹಿ ಹಾಕ್ತೀನಿ."

ಫ್ಲಾಪಿ ಕೆಟ್ಟರೆ ಇರಲೆಂದು ಆಕೆ ಶನಿವಾರವೇ ಬರೆದಿಟ್ಟಿದ್ದಳು. ಸಹಿಯಾಯಿತು. ಕಾಗದವನ್ನು ಫೈಲಿಗೆ ಸೇರಿಸಿ, ಮೊದಲ ಸಂಪುಟವನ್ನು ಇಳಿಸಿ ನಿರ್ದೇಶಕರ ಮುಂದಿಟ್ಟು, ತಾನು ಕಂಪ್ಯೂಟರಿನೆದುರು ಕೂತಳು.

"ನೀವು ಓದಿ ಸರ್, ನಾನು ಹೊಡೀತೀನಿ. ಕಾಮಾನೂ ಬಿಡದೆ ಓದಿ."

ಕೇಶವಮೂರ್ತಿ ಕನ್ನಡಕ ಏರಿಸಿ, ಸಂಪಾದಕೀಯದಿಂದ ಶುರುಮಾಡಿದರು.