ವ್ಯಾನಿಗೆ ಹೊದಿಸಿದ ರಗ್ಗು

ಮೂವತ್ತು ವರ್ಷ ಶಾಲೆಯ ವ್ಯಾನು ಓಡಿಸಿದವನು ನಾನು. ಒಂದು ದಿನವೂ ಮಕ್ಕಳನ್ನು ತಡವಾಗಿ ಇಳಿಸಿಲ್ಲ. ಬೇಕಾದರೆ ಬಂದು ಯಾರನ್ನಾದರೂ ಕೇಳಿ! ಆದರೆ ಈ ಚಳಿಗಾಲ, ದೊಡ್ಡ ಪರೀಕ್ಷೆಯ ದಿನವೇ ನನ್ನ ಮಾನ ಹೋಗುವುದರಲ್ಲಿತ್ತು.

ಬೆಳಿಗ್ಗೆ ಏಳೂವರೆ. ನಮ್ಮ ಬೀದಿಯ ಒಂಬತ್ತು ಮಕ್ಕಳು ಪ್ಯಾಡು ಹಿಡಿದು ವ್ಯಾನಿನಲ್ಲಿ ಕೂತಿದ್ದರು. ಎಂಟೂವರೆಗೆ ಶಾಲೆಯ ಗೇಟು ಮುಚ್ಚುತ್ತಾರೆ, ಆಮೇಲೆ ಹೋದವರಿಗೆ ಪರೀಕ್ಷೆ ಇಲ್ಲ. ಅರ್ಧ ಗಂಟೆಯ ದಾರಿ. ಕೀ ತಿರುಗಿಸಿದೆ. ವ್ಯಾನು ನರಳಿತು, ಏಳಲಿಲ್ಲ.

ಇದೇನಪ್ಪಾ! ರಾತ್ರಿಯಿಡೀ ಬಾನೆಟ್ಟಿಗೆ ಹೆಂಡತಿಯ ದಪ್ಪ ರಗ್ಗು ಹೊದಿಸಿದ್ದೆನಲ್ಲ! ವಾರದಿಂದ ಅವಳಿಗೆ ಬರೀ ತೆಳು ಚಾದರ. ಸಿಟ್ಟು ಬಂದು ಬಿಡದೆ ಸೆಲ್ಫ್ ಹೊಡೆದೆ. ನರಳಾಟವೂ ಕಡಿಮೆಯಾಯಿತು.

"ಮಾವ, ಕೀ ಬಿಡಿ!" ಎನ್ನುತ್ತಾ ಸೊಸೆ ಓಡಿ ಬಂದಳು. ಅವಳು ಬ್ಯಾಟರಿ ಅಂಗಡಿಯಲ್ಲಿ ಮೆಕ್ಯಾನಿಕ್. ಬೀದಿಯ ಗಾಡಿಗಳನ್ನೆಲ್ಲ ಅವಳೇ ನೋಡುತ್ತಾಳೆ, ನನ್ನ ವ್ಯಾನನ್ನು ಮಾತ್ರ ನಾನು ಮುಟ್ಟಲು ಬಿಟ್ಟಿರಲಿಲ್ಲ. ಜಂಬ, ಬೇರೇನಲ್ಲ.

"ಸುಮ್ನಿರಮ್ಮ. ನೀನು ಹುಟ್ಟೋಕೆ ಮುಂಚೆಯಿಂದ ಓಡಿಸ್ತಿದೀನಿ."

"ಇಲ್ಲ ಅಂದ್ನಾ ಮಾವ? ಒಳಗೆ ಏನಾಗ್ತಿದೆ ಅಂತ ಯಾವತ್ತಾದ್ರೂ ನೋಡಿದೀರಾ?"

"ರಗ್ಗು ಹೊದಿಸಿದೀನಿ. ಇನ್ನೆಂಥಾ ಚಳಿ ಇದಕ್ಕೆ?"

"ರಗ್ಗು ಬಿಸಿ ಹುಟ್ಟಿಸಲ್ಲ ಮಾವ, ಇರೋ ಬಿಸಿನ ಸ್ವಲ್ಪ ಹೊತ್ತು ಹಿಡ್ಕೊಳ್ಳುತ್ತೆ ಅಷ್ಟೆ. ನಮ್ಮ ಮೈಯಲ್ಲಿ ಬಿಸಿ ಇದೆ. ನಿಂತ ಎಂಜಿನ್ನಿಗೆ ಎಲ್ಲಿಂದ ಬರ್ಬೇಕು?"

ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಅಯ್ಯೋ, ಹಾಗಾದ್ರೆ ವಾರಪೂರ್ತಿ ನಾನು ನಡುಗಿದ್ದು ದಂಡಾನಾ!" ಎಂದಳು. ಮಕ್ಕಳು ಕಿಸಕ್ಕನೆ ನಕ್ಕರು.

ಸೊಸೆ ಬಾನೆಟ್ ಎತ್ತಿದಳು. "ಚಳಿಗೆ ಬ್ಯಾಟರಿಯ ಶಕ್ತಿ ಕುಗ್ಗುತ್ತೆ. ಅದೇ ಹೊತ್ತಿಗೆ ಎಂಜಿನ್ ಆಯಿಲ್ ಮಂದ ಆಗಿ, ಎಂಜಿನ್ ತಿರುಗಿಸೋಕೆ ಜಾಸ್ತಿ ಶಕ್ತಿ ಬೇಕಾಗುತ್ತೆ. ಅದರ ಮೇಲೆ ನೀವು ಬಿಡದೆ ಸೆಲ್ಫ್ ಹೊಡೆದ್ರೆ ಇದ್ದದ್ದೂ ಖಾಲಿ. ಬ್ಯಾಟರಿಗೆ ತಂತಿ ಸೇರೋ ಈ ಟರ್ಮಿನಲ್ ಮೇಲೆ ಬಿಳಿ ಪುಡಿ ನೋಡಿ. ಕರೆಂಟು ಹೋಗೋದಾದ್ರೂ ಹೇಗೆ?"

ಆ ಪುಡಿಯನ್ನು ನಾನು ಎರಡು ತಿಂಗಳಿಂದ ನೋಡುತ್ತಿದ್ದೆ. ಧೂಳು ಅಂದುಕೊಂಡಿದ್ದೆ!

"ತಾತ, ಗೇಟು ಹಾಕ್ಬಿಡ್ತಾರಾ?" ಎಂದು ಹುಡುಗಿಯೊಬ್ಬಳು ಅಳುವ ದನಿಯಲ್ಲಿ ಕೇಳಿದಳು. ನಾನು ಸೀಟಿನಿಂದ ಇಳಿದೆ. ಕೀಯನ್ನು ಸೊಸೆಯ ಕೈಗಿಟ್ಟೆ.

"ನೀನೇ ನೋಡಮ್ಮ."

ಅವಳು ಗ್ಲೌಸ್ ಹಾಕಿ ಟರ್ಮಿನಲ್ ಕಳಚಿ, ಉಜ್ಜಿ, ಬಿಗಿ ಮಾಡಿದಳು. ಲೈಟು, ರೇಡಿಯೋ, ಫ್ಯಾನು ಎಲ್ಲ ಬಂದ್. ನಮ್ಮದು ಡೀಸೆಲ್ ಗಾಡಿ. ಕೀ ಆನ್ ಮಾಡಿ, ಎಂಜಿನ್ನಿನ ಒಳಗನ್ನು ಕಾಯಿಸುವ ಹೀಟರಿನ ದೀಪ ಆರುವವರೆಗೆ ಕಾದಳು. ಕ್ಲಚ್ ಒತ್ತಿ ಐದೇ ಸೆಕೆಂಡು ಸೆಲ್ಫ್. ಹತ್ತಲಿಲ್ಲ.

"ಇನ್ನೊಂದ್ಸಲ ಹೊಡಿ!" ಎಂದೆ.

"ಬ್ಯಾಟರಿ ಒಂದು ನಿಮಿಷ ಸುಧಾರಿಸ್ಕೊಳ್ಲಿ ಮಾವ."

ಎರಡನೇ ಸಲಕ್ಕೆ ವ್ಯಾನು ಗುರ್ ಎಂದು ಎದ್ದಿತು. ಮಕ್ಕಳ ಕೂಗಿಗೆ ಬೀದಿಯೆಲ್ಲ ಹೊರಗೆ ಬಂತು.

ಎಂಟು ಇಪ್ಪತ್ತೈದಕ್ಕೆ ಗೇಟಿನೊಳಗಿದ್ದೆವು. "ಏನು, ಇವತ್ತು ಇಷ್ಟೊತ್ತು?" ಎಂದ ಕಾವಲುಗಾರ. "ಗಾಡಿ ಕೆಟ್ಟಿತ್ತು. ನನ್ನ ಸೊಸೆ ಸರಿ ಮಾಡಿದ್ಲು!" ಎಂದೆ. ಕೇಳದವರಿಗೂ ಹೇಳಿದೆ. ಎಷ್ಟು ಹೆಮ್ಮೆಯಾಯಿತು ಗೊತ್ತೇ? ಸಂಜೆ ಅವಳ ಅಂಗಡಿಯಲ್ಲೇ ಬ್ಯಾಟರಿ ಪರೀಕ್ಷೆ ಮಾಡಿಸಿದೆ, ಗಾಡಿಯ ಪುಸ್ತಕ ಹೇಳಿದ ಆಯಿಲನ್ನೇ ಹಾಕಿಸಿದೆ.

ಅಣ್ಣಂದಿರೇ, ಅಕ್ಕಂದಿರೇ, ಚಳಿಗೆ ಮುಂಚೆಯೇ ನೀವೂ ಬ್ಯಾಟರಿ ತೋರಿಸಿ. ಸೆಲ್ಫ್ ಐದು ಸೆಕೆಂಡು ಹೊಡೆದು ಒಂದು ನಿಮಿಷ ಬಿಡಿ. ಎಂಜಿನ್ ಕಾಯಿಸಲು ಕೆಳಗೆ ಬೆಂಕಿ ಹಾಕಬೇಡಿ, ಮುಚ್ಚಿದ ಶೆಡ್ಡಿನಲ್ಲಿ ಗಾಡಿ ಚಾಲೂ ಇಡಬೇಡಿ, ಆ ಹೊಗೆ ಜೀವ ತೆಗೆಯುತ್ತದೆ. ತಿಳಿದವರು ಮನೆಯಲ್ಲೇ ಇದ್ದರೆ ಜಂಬ ಬಿಟ್ಟು ಕೇಳಿ. ರಗ್ಗನ್ನು ಮಾತ್ರ ಹೆಂಡತಿಗೇ ಬಿಡಿ.