ಹುಳುಗಾಪು

ಆ ಪದ ನಾನೇ ಕಟ್ಟಿದ್ದು. ಇದನ್ನು ಈಗ ಯಾರೂ ನಂಬುತ್ತಿಲ್ಲ.

ಮೂರು ವರ್ಷದ ಹಿಂದೆ ಮರಳವಾಡಿಯಲ್ಲಿ, ಅತ್ತೆಯ ತಮ್ಮನ ಮನೆಯಲ್ಲಿ ನಾಮಕರಣ. ಹೋದರೆ ದಿನವಿಡೀ ಒಲೆ ಮುಂದೆ ನಿಲ್ಲುವವಳು ನಾನೇ. ಸಾತನೂರಿನ ನಮ್ಮ ಮನೆಯಲ್ಲಿ ಆಗ ರೇಷ್ಮೆಹುಳು ನಾಲ್ಕನೇ ಜ್ವರ ಎದ್ದಿದ್ದವು. ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಸೊಪ್ಪು ಹಾಕಿ ಹಾಕಿ ನನ್ನ ಸೊಂಟ ಬಿದ್ದುಹೋಗಿತ್ತು. ನನ್ನ ತವರು ಕಲ್ಯದ ಕಡೆ ಹುಳುಗಾಪು ಅಂತ ಐತೆ ಅಂದೆ. ನಾಲ್ಕನೇ ಜ್ವರ ಎದ್ದ ಮೇಲೆ, ಹುಳು ಗೂಡು ಕಟ್ಟುವ ತನಕ, ಸೊಪ್ಪು ಹಾಕುವ ಹೆಂಗಸು ಬೇರೆ ಮನೆ ಹೊಸಿಲು ತುಳಿಯಬಾರದು ಎಂದು ಬಾಯಿಗೆ ಬಂದದ್ದು ಸೇರಿಸಿದೆ. ಅತ್ತೆ ಕೆಂಚಮ್ಮ ನಂಬಿದರು. ಆ ಸಲ ಬೆಳೆಯೂ ಚೆನ್ನಾಗಿ ಬಂತು, ನನ್ನ ಗ್ರಹಚಾರ.

ಕನಕಪುರದ ಕಾಲೇಜು ಮೇಷ್ಟ್ರು ಜಯಕುಮಾರ್ ನಿಘಂಟಿಗೆ ಹಳ್ಳಿ ಪದ ಹುಡುಕುತ್ತಾ ಬಂದಾಗ ಅತ್ತೆ ಹೆಮ್ಮೆಯಿಂದ ಅದನ್ನೇ ಬರೆಸಿದರು. ನಾನು ನಗು ನುಂಗಿಕೊಂಡು ಕಾಫಿ ಕೊಟ್ಟೆ. ಹೋದ ತಿಂಗಳು ಅಚ್ಚಾಗಿ ಬಂದ ಪುಸ್ತಕ ಈಗ ದೇವರ ಪಟದ ಪಕ್ಕದಲ್ಲಿದೆ.

ನಿನ್ನೆ ಕಲ್ಯದಿಂದ ತಂಗಿ ಸಿರಿ ಫೋನು ಮಾಡಿದಳು. ಅಪ್ಪನನ್ನು ಮನೆಗೆ ಕರಕೊಂಡು ಹೋಗಿ ಎಂದು ಆಸ್ಪತ್ರೆಯವರು ಕೈಚೆಲ್ಲಿದ್ದಾರೆ, ಅಪ್ಪ ನನ್ನನ್ನೇ ಕೇಳುತ್ತಿದ್ದಾರೆ. ಇಲ್ಲಿ ಹುಳು ನಾಲ್ಕನೇ ಜ್ವರ ಎದ್ದು ಎರಡು ದಿನ. ಗೂಡಿಗೆ ಇನ್ನೂ ಐದು ದಿನ.

ಬೈಕಿನ ಕೀಲಿ ತೆಗೆದುಕೊಂಡ ನನ್ನ ಗಂಡ ಪ್ರಕಾಶ, ಅವ್ವನ ಮುಖ ನೋಡಿ ಮತ್ತೆ ಮೊಳೆಗೆ ನೇತುಹಾಕಿದ. ಹುಳುಗಾಪು ನಾನು ಹೇಳಿದ ಸುಳ್ಳು ಎಂದು ಆಣೆ ಇಟ್ಟೆ.

"ನೀನ್ ಕಟ್ಟಿದ್ದನ್ನ ಪುಸ್ತಕದೋರು ಅಚ್ಚು ಹಾಕ್ಬುಟ್ಟಾರೇನವ್ವ?" ಅಂದರು ಅತ್ತೆ.

ಮೇಷ್ಟ್ರಿಗೇ ಫೋನು ಮಾಡಿದೆ. ಸುಳ್ಳಿರಲಾರದು ಎಂದರು ಅವರು. ನಮ್ಮ ಮನೆಯಿಂದ ಹೋದ ಮೇಲೆ ಆರು ಊರಲ್ಲಿ ವಿಚಾರಿಸಿದರಂತೆ, ಎಲ್ಲ ಹೆಂಗಸರೂ ಹೌದು ಅಂದರಂತೆ. ಅನ್ನದೆ ಏನು? ನೆಂಟರ ಮನೆ ಚಾಕರಿ ತಪ್ಪಿದರೆ ಯಾವ ಸೊಸೆಗೆ ಬೇಡ?

ಯಾರು ಏನಾದರೂ ಅನ್ನಲಿ, ಬೆಳಗಿನ ಬಸ್ಸು ಹತ್ತುವುದೇ ಎಂದುಕೊಂಡು ಕಲ್ಯಕ್ಕೆ ಫೋನು ಮಾಡಿ, ಬರುತ್ತೇನೆ ಎಂದು ಅಪ್ಪನಿಗೆ ಹೇಳಿದೆ. ಸಿರಿ ಅವರ ಕಿವಿಗೆ ಫೋನು ಹಿಡಿದಿದ್ದಳು. ಆ ಪದ ಸುಳ್ಳಪ್ಪಾ ಅಂತಲೂ ಹೇಳಿದೆ. ಅಪ್ಪ ಸಣ್ಣಗೆ ನಕ್ಕರು. ನನಗೆ ಸಮಾಧಾನವಾಗಲಿ ಅಂತ ಹಂಗಂತೀಯ ಎಂದರು.

"ಸಿರಿ ಓದಿ ಹೇಳವ್ಳೆ ಕಣವ್ವ. ಪುಸ್ತಕದಾಗೆ ನಮ್ಮೂರ ಹೆಸ್ರೇ ಐತಂತೆ. ನಮ್ಮೂರ ಪದ್ದತಿ ನೀನೇ ಮುರೀಬ್ಯಾಡ. ಹುಳ ಗೂಡು ಕಟ್ಟಿದ ಮ್ಯಾಕೆ ಬಾ. ಅಲ್ಲೀಗಂಟ ಇರ್ತೀನಿ."