ಗೋಡೆ ಮೇಲಿನ ಒಂಬತ್ತು ಗೀಟು

ನನ್ನ ಮಗಳು ಗಗನಾಗೆ ಐದು ವರ್ಷವಿದ್ದಾಗ ಅವಳಪ್ಪ ಒಂದು ಮಾತು ಕೊಟ್ಟಿದ್ದರು. "ನಿನಗೆ ಹನ್ನೆರಡು ತುಂಬಿದ ದೀಪಾವಳಿಗೆ ದೇವೀರಮ್ಮನ ಬೆಟ್ಟ ನಾನೇ ಹತ್ತಿಸ್ತೀನಿ ಮಗಳೇ. ಸೌದೆ ನಾನು ಹೊರ್ತೀನಿ, ತುಪ್ಪ ನೀನು ಹಿಡ್ಕೊ." ದೀಪಾವಳಿಗೆ ಆ ಬೆಟ್ಟದ ದೇವಿಗೆ ಸೌದೆ, ತುಪ್ಪ ಹೊತ್ತು ಹತ್ತೋದು ನಮ್ಮ ಕಡೆಯ ಹರಕೆ.

ನನ್ನ ಗಂಡ ಮಲ್ಲೇಶ್ ಅವರದು ಗೋಣಿಬೀಡಿನಲ್ಲಿ ಬೆಳೆಗಾರರಿಂದ ಕಾಫಿ ಕೊಳ್ಳುವ ಅಂಗಡಿ. ಬೆಳಗಿನಿಂದ ಸಂಜೆವರೆಗೆ ಕೂತೇ ಕೆಲಸ. ಮೂರು ವರ್ಷದ ಹಿಂದೆ ಎದೆನೋವು ಬಂತು, ಸ್ಟೆಂಟ್ ಹಾಕಿದರು. "ಮಾತ್ರೆ ಬಿಡಬೇಡಿ, ದಿನಾ ಅರ್ಧ ಗಂಟೆ ನಡೀರಿ" ಅಂದರು ಡಾಕ್ಟರು. ನಮ್ಮಲ್ಲಿ ಜೂನ್ ಹಿಡಿದರೆ ನಾಲ್ಕು ತಿಂಗಳು ಮಳೆ, ಕೆಸರು, ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳ. ನಡೆಯೋದೆಲ್ಲಿ?

ಆಗಲೇ ಕೊಟ್ಟಿಗೆಹಾರದ ಕಡೆ ಒಂದು ಎಸ್ಟೇಟ್ ಬಂಗಲೆಯ ಹಳೇ ಸಾಮಾನು ಮಾರಿದರು. ಬಂಗಲೆ ಸಾಮಾನು ಅಂದ್ರೆ ನಮ್ಮ ಕಡೆಯವರು ಯೋಚನೆ ಮಾಡಲ್ಲ, ಪಿಕಪ್ ತಗೊಂಡು ಹೋಗಿಬಿಡ್ತಾರೆ. ಇವರು ಟ್ರೆಡ್‌ಮಿಲ್ ತಂದರು. ಮಂಚಕ್ಕಿಂತ ಉದ್ದ. ಇಳಿಸೋಕೆ ಐದು ಜನ.

"ಇದನ್ನ ಎಲ್ಲಿಡ್ತೀರಿ ರೀ?"

"ಗೋದಾಮಲ್ಲಿ. ದೊರೆಗಳು ನಡೆದಿದ್ದು ಕಣೇ ಇದರ ಮೇಲೆ!"

"ದೊರೆಗಳ ಮನೇಲಿ ಜನರೇಟರ್ ಇತ್ತು. ನಿಮ್ಮ ಹಾಗೆ ಮಂಡಿನೋವು ಇರ್ಲಿಲ್ಲ."

ಪಕ್ಕದ ಮನೆ ಭುವನಾ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡಿಸುವವಳು. ಅವಳೂ ಹೇಳಿದಳು. "ಅಣ್ಣಾ, ನಿಮ್ಮ ಮಂಡಿಗೆ ಕೂತು ತುಳಿಯೋದೇ ಸರಿ. ಕುರ್ಚಿ ಮುಂದೆ ಇಡೋ ಸಣ್ಣ ಪೆಡಲ್ ಬರುತ್ತಲ್ಲ, ಅಂಗಡೀಲೇ ತುಳೀಬಹುದು."

"ಅದು ಮಕ್ಕಳ ಆಟಿಕೆ ಮಾರಾಯ್ತಿ" ಅಂತ ನಕ್ಕುಬಿಟ್ಟರು.

ಮೂಟೆ ಎಣಿಸುವ ಹಾಗೆ, ನಡೆದ ದಿನಕ್ಕೊಂದು ಗೀಟು ಸೀಮೆಸುಣ್ಣದಲ್ಲಿ ಗೋದಾಮಿನ ಗೋಡೆಗೆ ಹಾಕಿದರು. ಒಂಬತ್ತಾಯಿತು. ಹತ್ತನೇ ದಿನ ಕರೆಂಟ್ ಹೋಗಿ ಬೆಲ್ಟ್ ಗಕ್ಕನೆ ನಿಂತಿತು. ಮುಗ್ಗರಿಸಿದರು, ಮಂಡಿ ಊದಿತು. ಕುಯ್ಲು ಶುರುವಾದಾಗ ಕಾಫಿ ಮೂಟೆಗಳು ಬಂದು ಅದರ ಮೇಲೇ ಕೂತವು. ಆಮೇಲೆ ನಾನೇ ಅದರ ಮೇಲೆ ಮೆಣಸು ಹರವಿದೆ. "ಮುಂದಿನ ವಾರದಿಂದ ಶುರು ಮಾಡ್ತೀನಿ ಕಣೇ" ಅನ್ನುತ್ತಿದ್ದರು.

ಹೋದ ವರ್ಷ ಆಷಾಢದಲ್ಲಿ ತಕ್ಕಡಿ ಮುಂದೆ ಕೂತವರು ಹಾಗೇ ವಾಲಿದರು. ಆಸ್ಪತ್ರೆಯ ದಾರಿಯಲ್ಲೇ ಹೋದರು.

ಸರಿಯಾದ ಯಂತ್ರ ತಂದಿದ್ರೆ ಉಳೀತಿದ್ರು ಅಂತ ಡಾಕ್ಟರು ಹೇಳಲಿಲ್ಲ, ನಾನೂ ಹೇಳೋದಿಲ್ಲ. ಆದರೆ ಮೂಟೆಗಳನ್ನು ಎತ್ತಿಸಿದ ದಿನ ಆ ಒಂಬತ್ತು ಗೀಟನ್ನು ಬೆರಳಿಟ್ಟು ಎರಡೆರಡು ಸಲ ಎಣಿಸಿದೆ.

ನಮ್ಮ ಅತ್ತೆ ಶಿವಗಂಗಮ್ಮನವರಿಗೂ ಬಿಪಿ, ಮಂಡಿನೋವು. ಭುವನಾ ಪೆಡಲ್ ಮಾತೆತ್ತಿದರೆ ಮುಖ ತಿರುಗಿಸುತ್ತಿದ್ದರು.

"ಮಗನೇ ಹೋದ ಮೇಲೆ ನಾನ್ಯಾಕೆ ತುಳೀಲಿ?"

"ಗಗನಾಗೆ ಅಪ್ಪ ಇಲ್ಲ. ಅಜ್ಜಿಯೂ ಬೇಡ್ವಾ ಅಜ್ಜಿ?" ಅಂತ ಕೇಳಿದಳು ಭುವನಾ.

ಅತ್ತೆ ಸೆರಗಲ್ಲಿ ಕಣ್ಣೊರೆಸಿಕೊಂಡು, "ಎಲ್ಲಿ ಸಿಗುತ್ತೆ ಅದು?" ಅಂದರು.

"ಮೊದಲು ಎಲ್ಲಿಡ್ತೀರಿ ನೋಡೋಣ. ಆಮೇಲೆ ಅಂಗಡಿ" ಅಂದಳು ಭುವನಾ.

ಜಗಲಿಯಲ್ಲಿ ಅತ್ತೆ ಅಡಿಕೆ ಕತ್ತರಿಸುವ ಜಾಗವನ್ನೇ ಗೊತ್ತುಮಾಡಿದೆವು. ಡಾಕ್ಟರನ್ನು ಕೇಳಿ, ಅತ್ತೆಯನ್ನೇ ಚಿಕ್ಕಮಗಳೂರಿಗೆ ಕರೆದುಕೊಂಡು ಹೋದೆವು. ಕೂರಿಸಿ ತುಳಿಸಿ ನೋಡಿದೆವು. ಒಂದು ಅಲುಗಾಡಿತು, ಬೇಡ ಅಂದೆವು. ಇನ್ನೊಂದರಲ್ಲಿ ಮಂಡಿ ತೀರಾ ಮೇಲೆ ಬಂತು, ಅದೂ ಬೇಡ. ಮೂರನೆಯದಕ್ಕೆ ಕರೆಂಟ್ ಬೇಡ, ಒಂದು ಕೈಯಲ್ಲಿ ಎತ್ತಬಹುದು, ಬಿಗಿ ಮಾಡೋ ತಿರುಪಿದೆ. ಅದನ್ನೇ ತಂದೆವು. ಜಾರದ ಹಾಗೆ ಕೆಳಗೆ ರಬ್ಬರ್ ಮ್ಯಾಟು. ಕುರ್ಚಿ ಗೋಡೆಗೊರಗಿಸಿ, ತಿರುಪು ಸಡಿಲ ಮಾಡಿ, ಮೊದಲ ವಾರ ಐದೇ ನಿಮಿಷ.

"ತುಳೀತಾ ಮಾತಾಡೋಕಾಗಬೇಕು ಅಜ್ಜಿ. ಏದುಸಿರು ಬಂದ್ರೆ ನಿಧಾನ ಮಾಡಿ. ಎದೆ ಹಿಡಿದ್ರೆ, ತಲೆ ಸುತ್ತಿದ್ರೆ ನಿಲ್ಲಿಸಿ, ತಕ್ಷಣ ಆಸ್ಪತ್ರೆ" ಅಂದಳು ಭುವನಾ.

"ಮಾತಾಡೋಕೆ ನನಗೆ ಹೇಳಿಕೊಡ್ತೀಯೇನೇ?" ಅಂದರು ಅತ್ತೆ. ಮಗ ಹೋದ ಮೇಲೆ ಅವರು ನಕ್ಕಿದ್ದು ಅವತ್ತೇ.

ಈಗ ದಿನಾ ಇಪ್ಪತ್ತು ನಿಮಿಷ ತುಳಿಯುತ್ತಾರೆ. ತುಳಿದ ಮೇಲೆ ಗೋದಾಮಿಗೆ ಹೋಗಿ ಮಗನ ಗೀಟುಗಳ ಕೆಳಗೆ ತಮ್ಮದೊಂದು ಹಾಕಿ ಬರುತ್ತಾರೆ.

ಓದುವ ಅಕ್ಕಂದಿರೇ, ಅಣ್ಣಂದಿರೇ, ದೊಡ್ಡದು, ಗಟ್ಟಿ, ಸೋವಿ ಅಂತ ತರಬೇಡಿ. ನಿಮ್ಮ ಮಂಡಿ ನೋಡಿ, ಮನೆಯ ಜಾಗ ನೋಡಿ, ಮೂಟೆ ಬರುವ ಕಾಲದಲ್ಲೂ ಆ ಜಾಗ ಉಳಿಯುತ್ತಾ ನೋಡಿ. ಡಾಕ್ಟರನ್ನು ಕೇಳಿ. ಮುಂದಿನ ವಾರ ಅನ್ನಬೇಡಿ.

ಈ ದೀಪಾವಳಿಗೆ ಗಗನಾಗೆ ಹನ್ನೆರಡು ತುಂಬಿತ್ತು. ಬೆಟ್ಟಕ್ಕೆ ಸೌದೆ ನಾನು ಹೊತ್ತೆ, ತುಪ್ಪ ಅವಳು ಹಿಡಿದಳು. ಅವಳಪ್ಪ ಕೊಟ್ಟ ಮಾತು ನಡೆಯಲಿಲ್ಲ.